ಕುರಿ ಕೊಟ್ಟ ಅಂಕ

"ಅಜ್ಜಾ, ಬಾಯಿ ಈಗ ಎಷ್ಟು ಒಣಗ್ತೈತಿ? ಪೂರಾ ಒಣಗಿದ್ರೆ ಹತ್ತು, ಒಣಗ್ದೇ ಇದ್ರೆ ಸೊನ್ನಿ. ನೀವೆಷ್ಟು ಹೇಳ್ತೀರಿ?" ಆಸ್ಪತ್ರೆಯಿಂದ ನರ್ಸ್ ಶೃತಿ ಫೋನಿನಲ್ಲಿ ಕೇಳಿದಳು.

ಗಂಟಲಿಗೆ ರೇಡಿಯೇಷನ್ ಕೊಟ್ಟಂದಿನಿಂದ ಜಂಬಯ್ಯನ ಬಾಯಲ್ಲಿ ಉಗುಳೇ ಇರಲಿಲ್ಲ. ಕುರಿ ಕರೆಯುವ 'ಟುರ್‍ರ್' ಸದ್ದು ಒಣ ತುಟಿಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹೋದ ತಿಂಗಳು ಅವನ ಹತ್ತು ಕುರಿಗಳಲ್ಲಿ ಒಂದೂ ತಲೆ ಎತ್ತಿರಲಿಲ್ಲ.

"ತಡಿಯವ್ವಾ, ಕುರಿಗಳ್ನ ಕೇಳಿ ಹೇಳ್ತೀನಿ."

ಉಜ್ಜಿನಿಯ ಹೊಲದ ಬದುವಿನ ಮೇಲೆ ನಿಂತು, ತುಟಿ ಸವರಿಕೊಂಡು ಊದಿದ. ಟುರ್‍ರ್‍ರ್! ಆರು ಕುರಿಗಳು ಹುಲ್ಲು ಬಿಟ್ಟು ಓಡಿಬಂದವು. ಉಳಿದವು ಮೇಯುತ್ತಲೇ ಇದ್ದವು.

"ನಾಕು ಅಂತ ಬರ್ಕೋ."

"ಹೋದ್ಸಲ ಹತ್ತು ಅಂದಿದ್ರಿ!" ಶೃತಿ ನಕ್ಕು ಬರೆದುಕೊಂಡಳು.

"ತಡಿ ತಡಿ, ಹೊಡ್ದಾಕು. ಮೂರು ಮಾಡು. ಕುಂಟ ಟಗರೂ ಈ ಕಡೀಗೆ ಹೊಂಟೈತಿ!"