ರಹೀಂ ಚಾಚಾ ಎಡಗೈಯಲ್ಲಿ ಹಾಕಿದ ಚೆಂಡು

ಬಿಸಿ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಓಡಿದ ವಾಸನೆ ಬಂದರೆ ಇಂದಿಗೂ ನನಗೆ ಮಾನ್ವಿಯ ಖಾದರ್ ಚಾಚಾ ಅವರ ಹೊಲಿಗೆ ಅಂಗಡಿ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಲಂಗದ ಅಳತೆ ಕೊಡಲು, ಕೈಯಲ್ಲಿ ರಬ್ಬರ್ ಚೆಂಡು ಹಿಡಿದೇ, ಅಪ್ಪನ ಜೊತೆ ಹೋಗಿದ್ದೆ. ಅಪ್ಪ, ಖಾದರ್ ಚಾಚಾ ಇಬ್ಬರೂ ಅಳತೆ ಮರೆತು, ಜಗತ್ತಿನ ಶ್ರೇಷ್ಠ ಟೆಸ್ಟ್ ಬೌಲರ್‌ಗಳ ಪಟ್ಟಿಯನ್ನು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದರು. ಮೊದಲ ಹೆಸರಿಗೇ ಜಗಳ ಹತ್ತಿತು.

"ಐದು ದಿನದ ಆಟ ಅದು. ಸ್ಪಿನ್ನರೇ ಮೊದಲು," ಎಂದರು ಅಪ್ಪ.

"ವೆಸ್ಟ್ ಇಂಡೀಸ್‌ನವ ಓಡಿ ಬರೋದು ನೋಡಿದ್ರ ಹಂಗ ಅನ್ನಂಗಿಲ್ರೀ ಮಾಸ್ತರ್!"

"ನೀ ಎಲ್ಲಿ ನೋಡೀಯಪ್ಪ ಖಾದರ್‌ಭಾಯಿ? ಇಬ್ಬರೂ ರೇಡಿಯೋದಾಗ ಕೇಳೀವಿ."

ಮೂಲೆಯಲ್ಲಿ ಖಾದರ್ ಚಾಚಾ ಅವರ ತಮ್ಮ ರಹೀಂ ಗುಂಡಿ ಆರಿಸುತ್ತಿದ್ದರು. ಊರಿನ ತಂಡಕ್ಕೆ ಸ್ಪಿನ್ ಹಾಕುತ್ತಿದ್ದವರು. ಹಿಂದಿನ ವರ್ಷ ಹತ್ತಿ ಬಿಡಿಸುವ ಜಿನ್ನಿನ ಯಂತ್ರಕ್ಕೆ ಸಿಕ್ಕಿ ಅವರ ಬಲಗೈ ಬೆರಳುಗಳು ಹೋಗಿದ್ದವು. ಆ ಹೊತ್ತಿಗೆ ಅದು ನನ್ನ ನೆನಪಿಗೇ ಬರಲಿಲ್ಲ.

"ಸ್ಪಿನ್ ಅಂದ್ರ ಹೆಂಗ್ರೀ ಚಾಚಾ?" ಎಂದು ಅವರನ್ನೇ ಕೇಳಿಬಿಟ್ಟೆ. ಅಪ್ಪ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

"ಬಾ ಬೇಟಿ, ತೋರಿಸ್ತೀನಿ," ಎಂದು ರಹೀಂ ಚಾಚಾ ಎದ್ದರು. ಅಳತೆಕೋಲನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮುಂದೆ ನಿಲ್ಲಿಸಿದರು. ನನ್ನ ರಬ್ಬರ್ ಚೆಂಡನ್ನು ಎಡಗೈಯಿಂದ ಹಾಕಿದರು. ಮೊದಲೆರಡು ಸಲ ಅದು ಅಂಗಡಿ ಮುಂದಿನ ಚರಂಡಿಗೆ ಹೋಯಿತು. ಮೂರನೆಯ ಸಲ ನೆಲಕ್ಕೆ ಬಿದ್ದದ್ದೇ ತಿರುಗಿ, ಕೋಲನ್ನು ತಪ್ಪಿಸಿ, ಸ್ಟೂಲಿಗೆ ಬಡಿಯಿತು.

"ಔಟ್!" ಎಂದು ಕೂಗಿ ನಕ್ಕರು. ಬೆರಳು ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಪ್ಪ ಚಪ್ಪಾಳೆ ತಟ್ಟಿದರು. ಖಾದರ್ ಚಾಚಾ ನಮಗೆ ಬೆನ್ನು ಮಾಡಿ ಕೂತು, ಬಟ್ಟೆಯನ್ನೇ ಇಡದೆ ಹೊಲಿಗೆ ಯಂತ್ರ ತುಳಿಯುತ್ತಿದ್ದರು.