ಗಾಳಿ ನಿಂತ ಆಟ

ಗದಗಿನಲ್ಲಿ ತಲೆಮಾರುಗಳಿಂದ ಬಿರುಗಾಳಿ ಬಿಡದೆ ಬೀಸುತ್ತಿತ್ತು; ಅದು ನಿಂತದ್ದನ್ನು ಕಂಡವರು ಯಾರೂ ಉಳಿದಿರಲಿಲ್ಲ. ಹಾಡಿನಲ್ಲೇ ನಡೆಯುವ ನಾಟಕವಾದ ಒಪೆರಾದಲ್ಲಿ ಪ್ರೇಮಿಯ ಪಾತ್ರದವನು ಹಿಂದೊಂದು ಕಾಲಕ್ಕೆ ಕಿಟಕಿಯ ಕೆಳಗೆ ನಿಂತು ಮೆಲ್ಲಗೆ, ಇಂಪಾಗಿ ಹಾಡುತ್ತಿದ್ದನಂತೆ. ಈಗ ಆ ಪಾತ್ರಕ್ಕೆ ಬಿರುಗಾಳಿಯನ್ನು ಸೀಳುವ ಗಂಟಲು ಬೇಕು, ಮುರಿಗೆಪ್ಪನಿಗೆ ಅದಿತ್ತು.

ಅಂದಿನ ಆಟದಲ್ಲಿ ಅವನು ನಾಯಕಿಯಾಗಿದ್ದ ಹೆಂಡತಿ ನೀಲವ್ವನ ಕೈ ಹಿಡಿದು ಪ್ರೇಮಗೀತೆ ಎತ್ತಿಕೊಂಡ. ಹಾಡಿನ ನಡುವೆಯೇ ತಗಡಿನ ಸೂರಿನ ಬಡಿತ ಒಮ್ಮೆಲೇ ನಿಂತಿತು. ಗಾಳಿಯೇ ಇಲ್ಲ. ಆ ಮೌನದಲ್ಲಿ ಅವನ ದನಿಯೊಂದೇ ಗರ್ಜಿಸಿತು. ಜನ ಕುರ್ಚಿಗಳಲ್ಲೇ ಮುದುಡಿಕೊಂಡರು. ನೀಲವ್ವ ಕೈ ಕೊಸರಿಕೊಂಡಳು. ಅವಳ ಪಿಸುಮಾತು ಅವನಿಗೆ ಮೊದಲ ಸಲ ಕೇಳಿಸಿತು.

"ಹೊಡೀಬ್ಯಾಡ್ರೀ... ನಾ ಏನ್ ತಪ್ಪ್ ಮಾಡೀನ್ರೀ?"

ಮುರಿಗೆಪ್ಪ ಹಾಡು ನಿಲ್ಲಿಸಿದ. "ಸಿಟ್ಟಲ್ಲ ನೀಲಾ, ಪ್ರೀತಿಲೇ ಹಾಡಾಕತ್ತೀನಿ" ಎಂದು ಮೆಲ್ಲಗೆ ಹೇಳಹೋದ. ಅದೂ ಗರ್ಜನೆಯಾಗಿಯೇ ಹೊರಬಿತ್ತು. ಅವಳು ಮುಖಕ್ಕೆ ಕೈ ಅಡ್ಡ ಹಿಡಿದಳು.