ಆರು ಚಾರಣಿಗರು

ಜ್ವಾಲಾಮುಖಿ ಬೆಳಗಿನಿಂದ ಬೂದಿ ಕಾರುತ್ತಿತ್ತು. ಬೆಟ್ಟ ಹತ್ತುವ ಕಾಲುದಾರಿಗೆ ಹಗ್ಗ ಬಿಗಿದು ನಿಂತಿದ್ದ ಕಾವಲುಗಾರ, ಏದುಸಿರು ಬಿಡುತ್ತ ಬಂದ ಹೆಂಗಸನ್ನು ತಡೆದ.

"ಮೇಲಕ್ಕೆ ಬಿಡಲ್ಲ, ಹೋಗಮ್ಮ."

"ನನ್ನ ಮಗಳು ಮೇಲಿದ್ದಾಳೆ."

"ಯಾರೂ ಇಲ್ಲ. ಹತ್ತಿದೋರು ಆರು ಜನ. ಆರೂ ಜನ ಇಳಿದು, ಅಕೋ, ಅಲ್ಲಿ ಚಾ ಕುಡೀತಿದಾರೆ. ಬೇಕಾದ್ರೆ ಪುಸ್ತಕ ನೋಡು, ನಿನ್ನ ಮಗಳ ಹೆಸರೇ ಇಲ್ಲ."

"ಹೆಸರಿಲ್ಲ ಅಂದ್ರೆ ಮಗಳೇ ಇಲ್ವಾ?"

"ಬರ್ಕೊಳ್ಳದೆ ಒಂದು ನರಪಿಳ್ಳೇನೂ ಮೇಲಕ್ಕೆ ಬಿಡಲ್ಲ ನಾವು. ಮನೆಗೆ ಹೋಗು."

ಅವಳು ತಲೆವಸ್ತ್ರ ಬಿಚ್ಚಿ ಮೂಗಿಗೆ ಕಟ್ಟಿಕೊಂಡು ಹಗ್ಗದಡಿ ನುಸುಳಿದಳು. ಅವನು ಓಡಿಬಂದು ರಟ್ಟೆ ಹಿಡಿದ.

"ಸಾಯ್ತೀಯ!"

ಅವಳು ಅವನ ಕೈ ಕೊಡವಿ, ಚಾ ಕುಡಿಯುತ್ತಿದ್ದವರತ್ತ ಬೆರಳು ಚಾಚಿದಳು.

"ಆರೂ ಜನ ಬರಿಗೈಲಿ ಇಳಿದಿದ್ದಾರಲ್ಲ, ಅವರ ಡೇರೆ, ಅಕ್ಕಿ, ಪಾತ್ರೆ ಎಲ್ಲ ಯಾರ ಬೆನ್ನ ಮೇಲಿದೆ?"